ಆ ಮೊದಲ ಹತ್ತು ನಿಮಿಷಗಳ ಅಮಾನತ್ತು

ಪ್ರವಾದಿವರ್ಯರ(ಸ) ಕಾಲದಲ್ಲಿ ಸಹಾಬಿಗಳ ತಂಡವೊಂದು ಪ್ರಯಾಣದಲ್ಲಿತ್ತು. ದಾರಿಯಲ್ಲಿ ಅವರಲ್ಲೊಬ್ಬರಿಗೆ ಕಲ್ಲು ಬಡಿದು ತಲೆಗೆ ಗಾಯವಾಯಿತು. ಆ ಬಳಿಕ ಅವರಿಗೆ ಸ್ನಾನ ಕಡ್ಡಾಯವಾಗುವ ಸ್ಥಿತಿ ಬಂತು. ಗಾಯವಿರುವುದರಿಂದ ತಯಮ್ಮುಮ್ ಮಾಡಿದರೆ ಸಾಕಾದೀತೇ ಎಂದು ಅವರು ಜೊತೆಗಾರರನ್ನು ಕೇಳಿದರು. ನೀರು ಸಿಗುತ್ತಿರುವಾಗ ನಿಮಗೆ ಆ ರಿಯಾಯಿತಿ ಇಲ್ಲವೆಂದು ಜೊತೆಗಾರರು ಹೇಳಿದರು. ಅವರು ಸ್ನಾನ ಮಾಡಿದರು, ತೀರಿಕೊಂಡರು. ಸುದ್ದಿ ತಿಳಿದಾಗ ಪ್ರವಾದಿವರ್ಯರು(ಸ) ಬಹಳ ನೊಂದು, ಆ ಜನರೇ ಅವರನ್ನು ಕೊಂದರೆಂದರು. ತಿಳಿಯದಿದ್ದರೆ ಕೇಳಬೇಕಿತ್ತು, ಅಜ್ಞಾನವೆಂಬ ರೋಗಕ್ಕೆ ಕೇಳಿ ತಿಳಿಯುವುದೇ ಮದ್ದೆಂದು ಕಲಿಸಿದರು. ಹ. ಜಾಬಿರ್(ರ) ಅವರಿಂದ ಬಂದ ಈ ವರದಿ ಅಬೂದಾವೂದ್‌ನಲ್ಲಿದೆ.

ಪ್ರಿಯ ಓದುಗರೇ, ಒಂದು ವಿಷಯ ಗಮನಿಸಿರಿ. ಆ ಜೊತೆಗಾರರು ಗಾಯಾಳುವಿನ ಶತ್ರುಗಳಾಗಿರಲಿಲ್ಲ. ಅವರ ಮನಸ್ಸಿನಲ್ಲಿ ಕೇಡಿರಲಿಲ್ಲ. ಆದರೂ ಪ್ರವಾದಿವರ್ಯರು(ಸ) ಬಳಸಿದ್ದು ಕೊಲೆಯೆಂಬ ಮಾತನ್ನು. ಗಾಯಗೊಂಡವನ ಬಳಿ ನಿಂತಿರುವವನಿಗೆ ಒಳ್ಳೆಯ ಮನಸ್ಸೊಂದಿದ್ದರೆ ಸಾಲದು, ಅರಿವೂ ಬೇಕು ಎಂಬುದಕ್ಕೆ ಇದಕ್ಕಿಂತ ಬಲವಾದ ಎಚ್ಚರಿಕೆ ಬೇಕೇ?

ಈ ಹದೀಸನ್ನು ನಾನು ಮದ್ರಸದಲ್ಲಿ ಓದಿದ್ದೆ, ಮಕ್ಕಳಿಗೆ ಕಲಿಸಿಯೂ ಇದ್ದೆ. ಆದರೆ ಅದು ನನ್ನನ್ನೇ ಕುರಿತು ಮಾತಾಡುತ್ತಿದೆಯೆಂದು ಅರಿವಾದುದು ಕೆಲವು ವರ್ಷಗಳ ಹಿಂದೆ, ಒಂದು ಮಗ್ರಿಬ್ ವೇಳೆಯಲ್ಲಿ.

ನಮ್ಮೂರು ಕಿರುಗಾವಲು. ಬನ್ನೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿದೆ. ಸುತ್ತಲೂ ಭತ್ತ, ಕಬ್ಬು, ನಾಲೆಯ ನೀರು. ನೀರಿರುವಲ್ಲಿ ಕಪ್ಪೆ, ಭತ್ತವಿರುವಲ್ಲಿ ಇಲಿ, ಇವೆರಡೂ ಇರುವಲ್ಲಿ ಹಾವು. ಆ ಸಂಜೆ ಗದ್ದೆಯ ಬದುವಿನ ಮೇಲೆ ನಡೆದು ಬರುತ್ತಿದ್ದ ಒಬ್ಬ ಕೂಲಿಯಾಳಿಗೆ ಕಾಲಿನ ಬಳಿ ಹಾವು ಕಡಿಯಿತು. ಜೊತೆಯಲ್ಲಿದ್ದವರು ಮೊಣಕಾಲ ಕೆಳಗೆ ಹಗ್ಗ ಬಿಗಿದು, ನೇರ ಮದ್ರಸದ ಜಗುಲಿಗೆ ಹೊತ್ತು ತಂದರು. "ಹಜ್ರತ್, ಬೇಗ ದಮ್ ಮಾಡಿ" ಎಂದರು. ನಾನು ಮಾಡಿದೆ. ಓದಿ ಊದಿದೆ, ನೀರಿಗೆ ಊದಿ ಕುಡಿಸಿದೆ. ಜನ ಸೇರಿದರು. ಮತ್ತೊಮ್ಮೆ ಓದಿರೆಂದರು, ಮತ್ತೊಮ್ಮೆ ಓದಿದೆ. ಹೀಗೆ ಅರ್ಧ ಗಂಟೆ ಕಳೆಯಿತು. ಕೊನೆಗೆ ಟೆಂಪೋ ಓಡಿಸುವ ನೆರೆಯ ಗೌಡರೊಬ್ಬರು ಗುಂಪು ಸರಿಸಿ ಬಂದು, "ಮೇಷ್ಟ್ರೇ, ಓದೋದನ್ನ ಗಾಡೀಲಿ ಕೂತ್ಕಂಡು ಓದಿ, ಮೊದ್ಲು ಆಸ್ಪತ್ರೆಗೆ ನಡೀರಿ" ಎಂದರು.

ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ, ಕಡಿದು ಎಷ್ಟು ಹೊತ್ತಾಯಿತು ಎಂಬುದು. ಹೇಳಿದೆ. "ಹಾಗಾದರೆ ಇಷ್ಟು ಹೊತ್ತು ಎಲ್ಲಿದ್ದಿರಿ?" ಎಂಬುದು ಎರಡನೆಯ ಪ್ರಶ್ನೆ. ನನ್ನಲ್ಲಿ ಉತ್ತರವಿರಲಿಲ್ಲ. ಅಲ್ಲಾಹನ ಕೃಪೆಯಿಂದ ಆತನ ಪ್ರಾಣ ಉಳಿಯಿತು. ಆದರೆ ಕಾಲಿನ ಮಾಂಸ ಕೊಳೆತು ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಬಿಗಿದ ಹಗ್ಗವೂ ತಡವೂ ಸೇರಿ ಹಾನಿಯನ್ನು ಹೆಚ್ಚಿಸಿದುವೆಂದು ವೈದ್ಯರು ಹೇಳಿದರು. ಆತ ಇಂದೂ ನನ್ನನ್ನು ಕಂಡರೆ ಸಲಾಮ್ ಹೇಳುತ್ತಾನೆ, ನನ್ನ ಓದಿನಿಂದಲೇ ಬದುಕಿದೆನೆನ್ನುತ್ತಾನೆ. ಅವನ ಕಾಲನ್ನು ನೋಡುವ ಧೈರ್ಯ ನನಗಿಲ್ಲ. ವೈದ್ಯರ ಆ ಎರಡನೆಯ ಪ್ರಶ್ನೆಯನ್ನು ನಾಳೆ ಅಲ್ಲಾಹನೇ ಕೇಳಿದರೆ ನಾನೇನು ಉತ್ತರಿಸಲಿ?

ದಮ್ ಮತ್ತು ಔಷಧಿ

ಇಲ್ಲಿ ಕೆಲವರು ಕೇಳಬಹುದು: ಚೇಳೋ ಹಾವೋ ಕಡಿದ ಒಬ್ಬ ಗೋತ್ರನಾಯಕನಿಗೆ ಸಹಾಬಿಗಳು ಸೂರಃ ಫಾತಿಹಾ ಓದಿ ಊದಿದರು, ಆತ ಗುಣವಾದ ಎಂದು ಬುಖಾರಿಯಲ್ಲೇ ಇದೆಯಲ್ಲ? ಹೌದು, ಇದೆ. ಕುರ್‌ಆನಿನಲ್ಲಿ ಶಮನವಿದೆಯೆಂಬುದು ನಮ್ಮ ವಿಶ್ವಾಸ. ಆದರೆ ಆ ಹದೀಸನ್ನು ಪೂರ್ತಿಯಾಗಿ ಓದಿರಿ. ಆ ಗೋತ್ರದವರು ತಮಗೆ ತಿಳಿದ ಎಲ್ಲ ಉಪಾಯಗಳನ್ನೂ ಮೊದಲು ಮಾಡಿ ನೋಡಿದ್ದರು, ಯಾವುದೂ ಫಲಿಸದಿದ್ದಾಗ ಸಹಾಬಿಗಳ ಬಳಿ ಬಂದಿದ್ದರು. ಚಿಕಿತ್ಸೆಯನ್ನು ಬಿಟ್ಟು ಓದಿಸಿರೆಂದು ಅಲ್ಲಿ ಯಾರೂ ಹೇಳಿಲ್ಲ. ಚಿಕಿತ್ಸೆ ಮಾಡಿಸಿಕೊಳ್ಳಬೇಕೇ ಎಂದು ಕೇಳಿದವರಿಗೆ ಪ್ರವಾದಿವರ್ಯರು(ಸ) ಮಾಡಿಸಿಕೊಳ್ಳಿರೆಂದೇ ಹೇಳಿದರು, ಮುಪ್ಪೊಂದನ್ನು ಬಿಟ್ಟು ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಮದ್ದನ್ನು ಇಳಿಸಿದ್ದಾನೆಂದು ತಿಳಿಸಿದರು. ಒಂಟೆಯನ್ನು ಕಟ್ಟಿ ಆಮೇಲೆ ಭರವಸೆಯಿಡಲು ಕಲಿಸಿದ ಧರ್ಮ ನಮ್ಮದು. ಆದ್ದರಿಂದ ಓದಿರಿ, ದುಆ ಮಾಡಿರಿ. ಆದರೆ ಗಾಡಿ ಆಸ್ಪತ್ರೆಯ ಕಡೆಗೆ ಓಡುತ್ತಿರಲಿ. ನನ್ನ ಸಹೋದ್ಯೋಗಿಗಳಾದ ಇಮಾಮರಲ್ಲೂ ಮದ್ರಸ ಅಧ್ಯಾಪಕರಲ್ಲೂ ನನ್ನ ವಿನಂತಿಯೇನೆಂದರೆ, ಹಾವು ಕಡಿದವನನ್ನು ನಿಮ್ಮ ಜಗುಲಿಯಲ್ಲಿ ಇಳಿಸಿಕೊಳ್ಳಬೇಡಿರಿ. ನೀವೇ ಗಾಡಿ ಹತ್ತಿರಿ.

ಹಾವು ಕಡಿದಾಗ

2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತಿರಬಹುದೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಸತ್ತವರಲ್ಲಿ ಬಹುಪಾಲು ಹಳ್ಳಿಗರು. 2024ರಲ್ಲಿ ನಮ್ಮ ರಾಜ್ಯ ಸರಕಾರವು ಪ್ರತಿಯೊಂದು ಹಾವು ಕಡಿತವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಗೊತ್ತುಪಡಿಸಿತು. ಸರಕಾರ ಲೆಕ್ಕವಿಡಬಹುದು. ಬದುವಿನ ಮೇಲೆ ಆ ಮೊದಲ ಹತ್ತು ನಿಮಿಷಗಳಲ್ಲಿ ಇರುವವರು ಮಾತ್ರ ನಾವೇ.

ಆಗ ಮಾಡಬೇಕಾದುದು ಇಷ್ಟು. ಕಡಿಸಿಕೊಂಡವನನ್ನು ಹಾವಿನಿಂದ ದೂರ ಸರಿಸಿ ಮಲಗಿಸಿ ಧೈರ್ಯ ಹೇಳಿರಿ. ಓಡಲು, ನಡೆಯಲು ಬಿಡಬೇಡಿರಿ. ಓಡಾಡಿದಷ್ಟೂ ವಿಷ ಬೇಗ ಹರಡುತ್ತದೆ. ಕಡಿದ ಕೈಯಲ್ಲಿರುವ ಉಂಗುರ, ಬಳೆ, ಗಡಿಯಾರ, ಕಾಲಿನಲ್ಲಿರುವ ಚೈನು, ಚಪ್ಪಲಿಗಳನ್ನು ಬಾವು ಬರುವ ಮೊದಲೇ ತೆಗೆಯಿರಿ. ಮುರಿದ ಮೂಳೆಗೆ ಪಟ್ಟಿ ಕಟ್ಟುವಂತೆ ಒಂದು ಕೋಲಿಟ್ಟು ಸಡಿಲವಾಗಿ ಬಟ್ಟೆ ಸುತ್ತಿ, ಆ ಕೈಯೋ ಕಾಲೋ ಅಲುಗಾಡದಂತೆ ಮಾಡಿರಿ. ಕಡಿದ ಹೊತ್ತನ್ನು ನೆನಪಿಟ್ಟುಕೊಂಡು ವೈದ್ಯರಿಗೆ ಹೇಳಿರಿ.

ಮಾಡಬಾರದುದನ್ನೂ ತಿಳಿಯಿರಿ. ಹಗ್ಗ ಬಿಗಿಯಬಾರದು. ಬ್ಲೇಡಿನಿಂದ ಕೊಯ್ಯಬಾರದು. ಬಾಯಿಂದ ಹೀರಬಾರದು. ಮಂಜುಗಡ್ಡೆ, ಸೊಪ್ಪು, ಸುಣ್ಣ ಯಾವುದನ್ನೂ ಹಚ್ಚಬಾರದು. ಹಾವನ್ನು ಹುಡುಕಿ ಕೊಲ್ಲಲು ಹೋಗಿ ಮತ್ತೊಬ್ಬ ಕಡಿಸಿಕೊಳ್ಳಬಾರದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ನಮ್ಮಲ್ಲಿ ಒಂದೇ ಚುಚ್ಚುಮದ್ದು ಇದೆ. ಆದ್ದರಿಂದ ಹಾವನ್ನು ಹಿಡಿದು ತಂದು ತೋರಿಸಬೇಕಾದ ಅಗತ್ಯವಿಲ್ಲ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿದರೆ ನೋವೂ ಇರದು, ಗುರುತೂ ಕಾಣದು. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರ ಕಣ್ಣುರೆಪ್ಪೆಗಳು ಜೋಲು ಬಿದ್ದಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ ಗ್ಯಾಸ್ಟ್ರಿಕ್ ಎಂದು ಸುಮ್ಮನಾಗದೆ ಆಸ್ಪತ್ರೆಗೆ ಒಯ್ಯಿರಿ. ವಿಷದ ಚುಚ್ಚುಮದ್ದು ಸಮೀಪದ ಯಾವ ಸರಕಾರಿ ಆಸ್ಪತ್ರೆಯಲ್ಲಿ ಸದಾ ಇರುತ್ತದೆಂಬುದನ್ನು ಇಂದೇ ವಿಚಾರಿಸಿಟ್ಟುಕೊಳ್ಳಿರಿ.

ರಕ್ತ ಸುರಿಯುವಾಗ

ಉಹುದ್ ಯುದ್ಧದಲ್ಲಿ ಪ್ರವಾದಿವರ್ಯರ(ಸ) ಮುಖಕ್ಕೆ ಗಾಯವಾದಾಗ ಹ. ಅಲೀ(ರ) ಗುರಾಣಿಯಲ್ಲಿ ನೀರು ತಂದು ಸುರಿದರು, ಹ. ಫಾತಿಮಾ(ರ) ತೊಳೆದರು. ನೀರು ಹಾಕಿದಷ್ಟೂ ರಕ್ತ ಹೆಚ್ಚುತ್ತಿರುವುದನ್ನು ಕಂಡು ಅವರು ಚಾಪೆಯ ತುಂಡನ್ನು ಸುಟ್ಟು ಅದರ ಬೂದಿಯನ್ನು ಗಾಯಕ್ಕೆ ಒತ್ತಿದರು. ರಕ್ತ ನಿಂತಿತು. ಇದನ್ನು ಓದಿ ನಾವೂ ಬೂದಿ ಹುಡುಕಬೇಕಾಗಿಲ್ಲ. ಶುದ್ಧವಾದ ಬಟ್ಟೆ ನಮ್ಮಲ್ಲಿದೆ. ನೋಡಬೇಕಾದುದು ಆ ಮಹಾತಾಯಿಯ ವಿವೇಕವನ್ನು. ತಂದೆಯ ಮುಖದಿಂದ ರಕ್ತ ಸುರಿಯುತ್ತಿದ್ದಾಗ ಅವರು ಕಿರುಚಿ ಕೂಡಲಿಲ್ಲ. ಮಾಡುತ್ತಿರುವುದು ಫಲ ಕೊಡುತ್ತಿದೆಯೇ ಎಂದು ಗಮನಿಸಿದರು, ಕೊಡದಿದ್ದಾಗ ಕ್ರಮವನ್ನು ಬದಲಿಸಿದರು.

ಕಬ್ಬು ಕಡಿಯುವ ಮಚ್ಚು, ಕುಡುಗೋಲು, ಬಕ್ರೀದಿನ ಚೂರಿ ಇವು ನಮ್ಮ ಮನೆಗಳಲ್ಲಿ ಗಾಯ ಮಾಡುತ್ತಲೇ ಇರುತ್ತವೆ. ಜೋರಾಗಿ ರಕ್ತ ಬರುತ್ತಿದ್ದರೆ ಒಗೆದ ಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ. ಕಡಿಮೆಯೆಂದರೂ ಹತ್ತು ನಿಮಿಷ ಬಿಡಬೇಡಿರಿ. ನಿಂತಿತೇ ಎಂದು ಮತ್ತೆ ಮತ್ತೆ ಎತ್ತಿ ನೋಡಿದರೆ ಹೆಪ್ಪುಗಟ್ಟುತ್ತಿರುವ ರಕ್ತ ಮತ್ತೆ ಹರಿಯುತ್ತದೆ. ಬಟ್ಟೆ ತೊಯ್ದರೆ ತೆಗೆಯದೆ ಅದರ ಮೇಲೆಯೇ ಇನ್ನೊಂದನ್ನಿಟ್ಟು ಒತ್ತಿರಿ. ಕಾಫಿಪುಡಿ, ಅರಿಶಿನ, ಸೀಮೆಎಣ್ಣೆ ಹಾಕಬೇಡಿರಿ. ಗಾಯದಲ್ಲಿ ಏನಾದರೂ ಚುಚ್ಚಿ ನಿಂತಿದ್ದರೆ ಕೀಳಬೇಡಿರಿ, ಅದರ ಸುತ್ತ ಒತ್ತಿರಿ. ಗಾಣಕ್ಕೆ ಸಿಕ್ಕಿ ಬೆರಳು ತುಂಡಾದರೆ ಆ ತುಂಡನ್ನು ಒದ್ದೆಯಾದ ಶುದ್ಧ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ರೋಗಿಯ ಜೊತೆಯಲ್ಲೇ ಒಯ್ಯಿರಿ. ತುಂಡಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು.

ಸುಟ್ಟ ಗಾಯ

ಆಲೆಮನೆಯ ಕೊಪ್ಪರಿಗೆಯ ಬಿಸಿ ಪಾಕ, ಇಫ್ತಾರಿಗೆಂದು ಸಮೋಸ ಕರಿಯುವ ಎಣ್ಣೆ, ಮಗುವಿನ ಕೈಗೆ ಎಟುಕುವ ಚಹಾದ ಪಾತ್ರೆ. ಸಹೋದರಿಯರೇ, ಈ ಭಾಗವನ್ನು ನೀವು ವಿಶೇಷವಾಗಿ ಗಮನಿಸಿರಿ. ಸುಟ್ಟ ಜಾಗವನ್ನು ತಕ್ಷಣ ನಲ್ಲಿಯ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಅರ್ಧ ನಿಮಿಷವಲ್ಲ, ಇಪ್ಪತ್ತು ನಿಮಿಷ. ನಲ್ಲಿಯಿಲ್ಲದಿದ್ದರೆ ಚೊಂಬಿನಿಂದ ಸುರಿಯುತ್ತಲೇ ಇರಿ. ಬಿಸಿಯು ಚರ್ಮದ ಒಳಗೂ ಇಳಿದಿರುತ್ತದೆ, ನೀರು ಅದನ್ನು ಹೊರಗೆಳೆಯುತ್ತದೆ. ಮಗುವಿನ ಮೈಯ ಹೆಚ್ಚು ಭಾಗ ಸುಟ್ಟಿದ್ದರೆ ಸುಡದ ಭಾಗವನ್ನು ಬೆಚ್ಚಗೆ ಹೊದಿಸಿ. ಬಳೆ, ಉಂಗುರ ತೆಗೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬೇಡಿರಿ. ಆಮೇಲೆ ಒಗೆದ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ವೈದ್ಯರಲ್ಲಿಗೆ ಒಯ್ಯಿರಿ. ಟೂತ್‌ಪೇಸ್ಟ್, ಶಾಯಿ, ತುಪ್ಪ, ದೋಸೆಹಿಟ್ಟು ಇವು ಗಾಯವನ್ನು ಕೆಡಿಸುತ್ತವೆ. ಬೊಬ್ಬೆಗಳನ್ನು ಒಡೆಯಬಾರದು.

ನಾಲೆಯ ನೀರು

2018ರ ನವೆಂಬರ್ 24ರಂದು ನಮ್ಮ ಜಿಲ್ಲೆಯ ಪಾಂಡವಪುರ ತಾಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಪ್ರಾಣ ಕಳೆದುಕೊಂಡುದನ್ನು ಮಂಡ್ಯದವರಾರೂ ಮರೆತಿಲ್ಲ. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ನಮಗೆ ಅನ್ನ ಕೊಡುವ ನೀರೇ ಪ್ರತಿ ವರ್ಷ ಈಜಲು ಹೋದ ಹುಡುಗರನ್ನೂ ಬಟ್ಟೆ ಒಗೆಯಲು ಹೋದವರನ್ನೂ ಒಯ್ಯುತ್ತದೆ. ಒಬ್ಬರನ್ನು ಉಳಿಸಲು ಹಾರಿ ಇಬ್ಬರು ಹೋದ ಮನೆಗಳೂ ಇವೆ.

ಆದ್ದರಿಂದ ಈಜು ಚೆನ್ನಾಗಿ ಬಾರದವರು ಹಾರಬಾರದು. ಉದ್ದನೆಯ ಕೋಲು ಚಾಚಿರಿ, ಹಗ್ಗ ಎಸೆಯಿರಿ, ಸೀರೆ, ಪಂಚೆಗಳನ್ನು ಗಂಟು ಹಾಕಿ ಎಸೆಯಿರಿ, ಮುಚ್ಚಳ ಬಿಗಿದ ಖಾಲಿ ಕ್ಯಾನನ್ನಾದರೂ ಎಸೆಯಿರಿ. ತಮ್ಮನ್ನು ತಾವೇ ವಿನಾಶಕ್ಕೆ ತಳ್ಳಿಕೊಳ್ಳಬಾರದೆಂದು ಪವಿತ್ರ ಕುರ್‌ಆನಿನ ಅಲ್ ಬಕರ ಅಧ್ಯಾಯ (2:195) ನಮ್ಮನ್ನು ತಡೆದಿದೆ.

ಮೇಲೆತ್ತಿದವನನ್ನು ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ನಮ್ಮಲ್ಲಿ ನಡೆದುಬಂದ ತಪ್ಪು. ಅದರಿಂದ ಹೊಟ್ಟೆಯ ನೀರು ಶ್ವಾಸನಾಳಕ್ಕೆ ನುಗ್ಗುತ್ತದೆ, ಬೆಲೆಬಾಳುವ ಸಮಯವೂ ಹೋಗುತ್ತದೆ. ಭುಜ ತಟ್ಟಿ ಕರೆಯಿರಿ. ಓಗೊಡದಿದ್ದರೆ, ಉಸಿರಾಡದಿದ್ದರೆ ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಕೆಲಸ ಆರಂಭಿಸಲಿ. ಅಂಗಾತ ಮಲಗಿಸಿ, ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ ಗದ್ದವನ್ನು ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಇಟ್ಟು ಎದೆ ಏರುವಂತೆ ಎರಡರಿಂದ ಐದು ಸಲ ಉಸಿರು ತುಂಬಿರಿ. ಬಳಿಕ ಎದೆಯ ನಡುವೆ ಒಂದು ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ಮಡಿಸದೆ, ಎದೆಗೂಡು ಎರಡು ಅಂಗುಲ ಇಳಿಯುವಂತೆ ಒತ್ತಿ ಬಿಡಿರಿ. ನಿಮಿಷಕ್ಕೆ 100ರಿಂದ 120 ಸಲದ ವೇಗದಲ್ಲಿ ಮೂವತ್ತು ಸಲ ಒತ್ತಿ, ಎರಡು ಸಲ ಉಸಿರು. ಆಂಬುಲೆನ್ಸ್ ಬರುವ ತನಕ, ಇಲ್ಲವೇ ಆತ ಉಸಿರಾಡುವ ತನಕ ನಿಲ್ಲಿಸಬಾರದು. ಸುಸ್ತಾದರೆ ಇನ್ನೊಬ್ಬರು ಮುಂದುವರಿಸಲಿ. ಹೃದಯ ನಿಂತು ಕುಸಿದುಬಿದ್ದ ದೊಡ್ಡವರಿಗೂ ಇದೇ ಕ್ರಮ. ಅವರಿಗೆ ಉಸಿರು ತುಂಬಲು ಬಾರದವರು ಎದೆಯನ್ನು ಒತ್ತುತ್ತಲಾದರೂ ಇರಲಿ.

ಪರಸ್ತ್ರೀಯನ್ನು ಮುಟ್ಟಬಹುದೇ, ಪರಪುರುಷನನ್ನು ಮುಟ್ಟಬಹುದೇ ಎಂಬ ಸಂದೇಹದಲ್ಲಿ ಯಾರೂ ಹಿಂಜರಿಯಬಾರದು. ಜೀವಾಪಾಯದ ಅನಿವಾರ್ಯ ಸ್ಥಿತಿಯು ನಿಷಿದ್ಧವನ್ನೂ ಅನುಮತಿಸುತ್ತದೆಂಬುದು ಧರ್ಮಶಾಸ್ತ್ರದ ನೆಲೆಗಟ್ಟಿನ ನಿಯಮ. ತಾವು ಪ್ರವಾದಿವರ್ಯರ(ಸ) ಜೊತೆ ಯುದ್ಧರಂಗಕ್ಕೆ ಹೋಗಿ ಗಾಯಾಳುಗಳಿಗೆ ನೀರು ಕುಡಿಸಿ ಶುಶ್ರೂಷೆ ಮಾಡುತ್ತಿದ್ದುದಾಗಿ ಹ. ರುಬಯ್ಯಿ ಬಿಂತ್ ಮುಅವ್ವಿದ್(ರ) ತಿಳಿಸಿರುವುದು ಬುಖಾರಿಯಲ್ಲಿದೆ. ನಮಾಝಿನಲ್ಲಿರುವಾಗ ಮುಳುಗುತ್ತಿರುವವನ ಕೂಗು ಕೇಳಿಸಿ, ಉಳಿಸುವ ಶಕ್ತಿ ನಮಗಿದ್ದರೆ, ನಮಾಝನ್ನು ಮುರಿದು ಹೋಗಬೇಕೆಂದು ಫಿಕ್ಹ್ ವಿದ್ವಾಂಸರು ಬರೆದಿದ್ದಾರೆ. ನಮಾಝನ್ನೇ ಮುರಿಯಲು ಹೇಳಿದ ಧರ್ಮವು ಒಂದು ಕೈ ಇನ್ನೊಂದು ಎದೆಯನ್ನು ಒತ್ತುವುದನ್ನು ತಡೆದೀತೇ?

ರಸ್ತೆಯಲ್ಲಿ ಬಿದ್ದವನು

2017ರಲ್ಲಿ ಕೊಪ್ಪಳದಲ್ಲಿ ಬಸ್ಸಿನಡಿ ಸಿಕ್ಕ ಒಬ್ಬ ಹರೆಯದ ಸೈಕಲ್ ಸವಾರ ರಕ್ತದ ಮಡುವಿನಲ್ಲಿ ಬಿದ್ದು ಸಹಾಯ ಬೇಡುತ್ತಿದ್ದಾಗ ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಆತ ಬದುಕಲಿಲ್ಲ. ಪೋಲೀಸು, ಕೋರ್ಟು ಎಂಬ ಭಯವನ್ನು ನಾವು ನೆಪ ಮಾಡುತ್ತೇವೆ. ಆ ನೆಪವೂ ಈಗ ಉಳಿದಿಲ್ಲ. ಅಪಘಾತದಲ್ಲಿ ನೆರವಾದವರಿಗೆ ಕಿರುಕುಳ ಕೊಡಬಾರದೆಂಬ ಮಾರ್ಗಸೂಚಿಗಳನ್ನು 2016ರಲ್ಲಿ ಸುಪ್ರೀಂ ಕೋರ್ಟು ಕಡ್ಡಾಯಗೊಳಿಸಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಿದ 134ಎ ಕಲಮು ಅಂಥವರಿಗೆ ರಕ್ಷಣೆ ಕೊಟ್ಟಿದೆ. ಹೆಸರು, ವಿಳಾಸ ಹೇಳಲೇಬೇಕೆಂಬ ಒತ್ತಾಯವೂ ಇಲ್ಲ.

ಬಿದ್ದವನನ್ನು ಎಳೆದಾಡಬೇಡಿರಿ. ಕುತ್ತಿಗೆ, ಬೆನ್ನಿಗೆ ಏಟಾಗಿರಬಹುದು. ಬೆಂಕಿ, ವಾಹನಗಳ ಅಪಾಯವಿಲ್ಲದಿದ್ದರೆ ಇದ್ದಲ್ಲೇ ಇರಲಿ, ತಲೆ ಕುತ್ತಿಗೆ ಅಲುಗದಂತೆ ಹಿಡಿದುಕೊಳ್ಳಿರಿ. ರಕ್ತ ಸುರಿಯುವಲ್ಲಿ ಒತ್ತಿರಿ. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹಾಕಬೇಡಿರಿ, ಅದು ಝಮ್ ಝಮ್ ಆದರೂ ಸರಿಯೇ. ಅದು ಶ್ವಾಸಕೋಶಕ್ಕಿಳಿದು ಪ್ರಾಣ ತೆಗೆಯಬಹುದು.

ಇನ್ನು ಕೆಲವು

ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದು, ಹಲ್ಲಿನ ನಡುವೆ ಚಮಚ ತೂರಿಸುವುದು, ಅದುಮಿ ಹಿಡಿಯುವುದು ಬೇಡ. ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ನಡುಕ ನಿಂತ ಮೇಲೆ ಮಗ್ಗುಲಾಗಿ ಮಲಗಿಸಿರಿ. ಐದು ನಿಮಿಷ ದಾಟಿದರೆ ಆಸ್ಪತ್ರೆ. ಮೂರ್ಛೆರೋಗವಿದ್ದ ಒಬ್ಬ ಮಹಿಳೆ ಪ್ರವಾದಿವರ್ಯರ(ಸ) ಬಳಿ ಬಂದು, ಬಿದ್ದಾಗ ತನ್ನ ಮೈಮೇಲಿನ ಬಟ್ಟೆ ಸರಿಯದಂತೆ ದುಆ ಮಾಡಲು ಕೋರಿದರು. ಅವರು ಮಾಡಿದರು. ಹಾಗಿರುವಾಗ ಬಿದ್ದ ಸಹೋದರಿಯ ಮೇಲೊಂದು ಹೊದಿಕೆ ಹಾಕಿ, ಮುತ್ತಿಕೊಂಡ ಜನರನ್ನು ಚದುರಿಸುವುದೂ ಚಿಕಿತ್ಸೆಯೇ. ಜಿನ್ನ್ ಬಡಿದಿದೆಯೆಂದು ಅವಳನ್ನು ಊರೂರು ಸುತ್ತಿಸಬೇಡಿರಿ.

ನಾಯಿ ಕಚ್ಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಚುಚ್ಚುಮದ್ದು ಹಾಕಿಸಿರಿ. ಮೆಣಸಿನಪುಡಿ, ಸುಣ್ಣ ಬೇಡ. ಬೆಳೆಯ ಕೀಟನಾಶಕ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿರಿ, ಔಷಧಿಯ ಡಬ್ಬಿಯನ್ನು ಜೊತೆಗೊಯ್ಯಿರಿ. ಗಂಟಲಲ್ಲಿ ಏನಾದರೂ ಸಿಕ್ಕಿ ಉಸಿರು ಕಟ್ಟಿದ, ಕೆಮ್ಮಲೂ ಆಗದವನನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿನ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ಹೊಡೆಯಿರಿ. ಹೋಗದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಸೆಳೆಯಿರಿ. ವರ್ಷ ತುಂಬದ ಕೂಸಿನ ಹೊಟ್ಟೆಯನ್ನು ಒತ್ತಬಾರದು. ಮುಂಗೈ ಮೇಲೆ ಬೋರಲಾಗಿ, ತಲೆ ಕೆಳಗಿರುವಂತೆ ಮಲಗಿಸಿ ಬೆನ್ನು ತಟ್ಟಿರಿ, ಬಳಿಕ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ ಒತ್ತಿರಿ.

ಪ್ರಿಯ ಓದುಗರೇ, ಒಂದು ಜೀವವನ್ನು ಉಳಿಸಿದವನು ಸಕಲ ಮಾನವ ಕುಲವನ್ನೇ ಉಳಿಸಿದಂತೆ ಎಂದು ಪವಿತ್ರ ಕುರ್‌ಆನಿನ ಅಲ್ ಮಾಇದಃ ಅಧ್ಯಾಯ (5:32) ಸಾರುತ್ತದೆ. ಅದನ್ನು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅಲ್ಲಿ ಉಳಿಸುವ ಜೀವ ಯಾವ ಧರ್ಮದ್ದು, ಯಾವ ಜಾತಿಯದೆಂಬ ಷರತ್ತಿಲ್ಲ. ನನ್ನ ತಪ್ಪನ್ನು ಅಂದು ತಿದ್ದಿದವರು ನೆರೆಯ ಗೌಡರು. ನಾಳೆ ಅವರ ಮನೆಯ ಮಗು ನಾಲೆಗೆ ಬಿದ್ದರೆ ದಂಡೆಯಲ್ಲಿರುವವರು ನೀವೋ ನಾನೋ ಆಗಿರಬಹುದು.

ಬರುವ ಜುಮುಅಃದ ಬಳಿಕ ನಿಮ್ಮೂರಿನ ಸರಕಾರಿ ಆಸ್ಪತ್ರೆಯ ವೈದ್ಯರನ್ನೋ ದಾದಿಯರನ್ನೋ ಮಸ್ಜಿದಿನ ಅಂಗಳಕ್ಕೆ ಕರೆಯಿರಿ. ಒಂದು ಗಂಟೆ ಸಾಕು. ಓದಿ ತಿಳಿದುದಕ್ಕಿಂತ ಕೈಯಾರೆ ಮಾಡಿ ಕಲಿತುದು ಆಪತ್ತಿನಲ್ಲಿ ನೆನಪಾಗುತ್ತದೆ. ಮಹಿಳೆಯರಿಗೂ ಪ್ರತ್ಯೇಕವಾಗಿ ಏರ್ಪಡಿಸಿರಿ, ಏಕೆಂದರೆ ಮನೆಯಲ್ಲಿ ಮಗು ಬಿದ್ದಾಗ ಬಳಿಯಲ್ಲಿರುವವರು ಅವರು. ಪ್ರವಾದಿವರ್ಯರ(ಸ) ಮಸ್ಜಿದಿನಲ್ಲೇ ಗಾಯಾಳು ಸಅದ್ ಬಿನ್ ಮುಆದ್(ರ) ಅವರಿಗಾಗಿ ಡೇರೆ ಹಾಕಿಸಲಾಗಿತ್ತು. ನಮ್ಮ ಮಸ್ಜಿದಿನಲ್ಲಿ ಪಟ್ಟಿ, ಬಟ್ಟೆ, ಕತ್ತರಿ, ಸಾಬೂನುಗಳಿರುವ ಒಂದು ಪೆಟ್ಟಿಗೆಯನ್ನಾದರೂ ಇಡಲಾರೆವೇ? ಅದರ ಮುಚ್ಚಳದ ಮೇಲೆ 108 ಎಂದು ದೊಡ್ಡದಾಗಿ ಬರೆದಿಡಿರಿ.

ನಮ್ಮ ಮದ್ರಸದ ಜಗುಲಿಯಲ್ಲಿ ಈಗ ಅಂಥ ಪೆಟ್ಟಿಗೆಯೊಂದಿದೆ. ಅದರ ಪಕ್ಕದ ಗೋಡೆಯ ಮೇಲೆ ಊರಿನ ಮೂರು ಗಾಡಿಗಳ ಚಾಲಕರ ಫೋನ್ ನಂಬರುಗಳಿವೆ. ಮೊದಲನೆಯದು ಆ ಗೌಡರದು.

ಅರಿಯದೆ ಮಾಡಿದ ತಪ್ಪುಗಳನ್ನು ಅಲ್ಲಾಹನು ಕ್ಷಮಿಸಲಿ. ಅರಿತ ಮೇಲೂ ಸುಮ್ಮನಿರುವವರ ಸಾಲಿಗೆ ನಮ್ಮನ್ನು ಸೇರಿಸದಿರಲಿ. ಆಮೀನ್.